ಹೆಂಡ್ರಿಕ್ಸ್ ಕವರ್‌ಗಳು, ಅಪರೂಪದ ಟೇಪ್‌ಗಳು: ಬೆಂಗಳೂರಿನ ಅಭಿಮಾನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೊಂದು ಭಾನುವಾರ ಮಲ್ಲೇಶ್ವರದ ಒಂದು ಮನೆಯ ಮಹಡಿಯಲ್ಲಿ ನಾವು ಹತ್ತು ಹನ್ನೆರಡು ಜನ ಸೇರುತ್ತೇವೆ. ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ನುಡಿಸಿದ್ದನ್ನು ಕೇಳುತ್ತೇವೆ. ಅವರ ಹಾಡುಗಳನ್ನು ನಮ್ಮವರು ನುಡಿಸಿದ್ದನ್ನೂ, ಅಂದರೆ ಕವರ್‌ಗಳನ್ನೂ ಕೇಳುತ್ತೇವೆ. ಹೊಸಬರು ಬಂದಾಗಲೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅದಕ್ಕೇ ಬರೆದಿಟ್ಟಿದ್ದೇನೆ.

ಹೆಂಡ್ರಿಕ್ಸ್ ಹೋಗಿ 50 ವರ್ಷ ದಾಟಿತು. ಹಂಚಿಕೊಳ್ಳೋದಕ್ಕೆ ಇನ್ನೂ ಏನಿದೆ?

ತುಂಬಾ ಇದೆ. ಎಕ್ಸ್‌ಪೀರಿಯನ್ಸ್ ತಂಡದ ಜೊತೆ ಅವರು ಮಾಡಿದ ಸ್ಟುಡಿಯೋ ಆಲ್ಬಂ ಬರೀ ಮೂರು. ಎರಡು 1967ರಲ್ಲಿ, ಒಂದು 1968ರಲ್ಲಿ. ಆದರೆ 1966ರಿಂದ 1970ರವರೆಗಿನ ನಾಲ್ಕು ವರ್ಷಗಳಲ್ಲಿ ಅವರು ಊರೂರು ಸುತ್ತಿ ನುಡಿಸಿದರು. ರೇಡಿಯೋಗೆ ನುಡಿಸಿದರು. ರಾತ್ರಿಯಿಡೀ ಸ್ಟುಡಿಯೋದಲ್ಲಿ ಟೇಪ್ ಓಡಿಸಿಕೊಂಡು ಕೂತರು. ಒಂದೇ ಹಾಡನ್ನು ಎರಡು ರಾತ್ರಿ ಒಂದೇ ಥರ ನುಡಿಸಿದವರಲ್ಲ. ಹಾಗಾಗಿ ಒಂದು ಹಾಡಿನ ಹತ್ತು ರೆಕಾರ್ಡಿಂಗ್ ಸಿಕ್ಕರೆ ಹತ್ತೂ ಬೇರೆ. ನಮ್ಮ ಕಚೇರಿ ಸಂಗೀತ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬರೇ ವಿದ್ವಾಂಸರ ಹತ್ತು ತೋಡಿ ಕೇಳಿದ್ದರೂ ಹನ್ನೊಂದನೆಯದಕ್ಕೆ ಹೋಗಿ ಕೂರುತ್ತೇವೆ ಅಲ್ವಾ?

ನಾನು ಈಗಷ್ಟೇ ಕೇಳೋಕೆ ಶುರು ಮಾಡಿದ್ದೇನೆ. ಅಪರೂಪದ್ದನ್ನೇ ಮೊದಲು ಕೇಳಲೇ?

ಬೇಡ. ಮೊದಲು ಆ ಮೂರು ಆಲ್ಬಂ ಕೇಳಿ. ಆಮೇಲೆ 1970ರ ಹೊಸ ವರ್ಷದ ದಿನ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್‌ನಲ್ಲಿ ಬ್ಯಾಂಡ್ ಆಫ್ ಜಿಪ್ಸೀಸ್ ತಂಡದ ಜೊತೆ ನುಡಿಸಿದ್ದನ್ನು ಕೇಳಿ. ಮೂಲ ಕಿವಿಯಲ್ಲಿ ಕೂತಿದ್ದರೆ ಮಾತ್ರ ಅಪರೂಪದ ಟೇಪಿನಲ್ಲಿ ಏನು ಅಪರೂಪ ಅಂತ ಗೊತ್ತಾಗುತ್ತದೆ.

ಅಪರೂಪದ ರೆಕಾರ್ಡಿಂಗ್ ಅಂದರೆ ಯಾವುದು?

ಜನರ ನಡುವೆ ಕೂತವರೊಬ್ಬರು ತಮ್ಮ ಮೆಷಿನ್‌ನಲ್ಲಿ ಹಿಡಿದದ್ದು ಒಂದು ಬಗೆ. ಅದರಲ್ಲಿ ಪಕ್ಕದವರ ಮಾತು, ಚಪ್ಪಾಳೆ ಎಲ್ಲ ಇರುತ್ತದೆ. ವೇದಿಕೆಯ ಮಿಕ್ಸರ್‌ನಿಂದ ನೇರವಾಗಿ ತೆಗೆದದ್ದು ಇನ್ನೊಂದು. ಇದು ಸ್ಪಷ್ಟ, ಆದರೆ ಸ್ವಲ್ಪ ಒಣ. ರೇಡಿಯೋದವರು ಹಿಡಿದಿಟ್ಟದ್ದು ಮೂರನೆಯದು. ಬಿಬಿಸಿಗೆ ನುಡಿಸಿದ್ದನ್ನು ಅಭಿಮಾನಿಗಳು ಎಷ್ಟೋ ವರ್ಷ ಕೈಯಿಂದ ಕೈಗೆ ದಾಟಿಸಿದರು. ಈಗ ಅದು ಅಧಿಕೃತ ಆಲ್ಬಂ ಆಗಿ ಸಿಗುತ್ತದೆ. ಕೊನೆಯದು ಸ್ಟುಡಿಯೋದಲ್ಲಿ ಬಿಟ್ಟುಹೋದ ಪ್ರಯತ್ನಗಳು.

ನನಗೆ ಜಾಸ್ತಿ ಇಷ್ಟವಾಗುವುದು ಜನರ ನಡುವೆ ಹಿಡಿದದ್ದು. ಸದ್ದು ಮಬ್ಬಾಗಿದ್ದರೂ ಆ ರಾತ್ರಿ ಅಲ್ಲಿ ಕೂತವರ ಕಿವಿಗೆ ಬಿದ್ದದ್ದು ಅದೇ. 1998ರಲ್ಲಿ ಹೆಂಡ್ರಿಕ್ಸ್ ಕುಟುಂಬದ ಸಂಸ್ಥೆ ಡ್ಯಾಗರ್ ರೆಕಾರ್ಡ್ಸ್ ಎಂಬ ಲೇಬಲ್ ಶುರು ಮಾಡಿತು. ಇಂಥ ಟೇಪ್‌ಗಳಿಗೇ ಇರುವ ಲೇಬಲ್ ಅದು. ಅಲ್ಲಿಂದ ಮೊದಲು ಬಂದದ್ದು 1969ರಲ್ಲಿ ಓಕ್ಲ್ಯಾಂಡ್‌ನಲ್ಲಿ ನಡೆದ ಕಾರ್ಯಕ್ರಮ. ಅದನ್ನು ಹಿಡಿದವರು ಒಬ್ಬ ಅಭಿಮಾನಿ. ಅವರು ಆ ಟೇಪನ್ನು ಜೋಪಾನ ಮಾಡದಿದ್ದರೆ ಆ ರಾತ್ರಿ ಇಂದು ನಮಗೆ ಇರುತ್ತಿರಲಿಲ್ಲ.

ಇದೆಲ್ಲ ಕಾನೂನಿಗೆ ಸರಿಯೇ?

ನೇರವಾಗಿ ಹೇಳುತ್ತೇನೆ. ಅಭಿಮಾನಿಗಳ ರೂಢಿ ಬೇರೆ, ಕಾನೂನು ಬೇರೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಾಡು ಕಟ್ಟಿದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಎಣಿಕೆ ಮುಂದಿನ ಜನವರಿಯಿಂದ ಶುರು. ಹೆಂಡ್ರಿಕ್ಸ್ ತೀರಿಕೊಂಡದ್ದು 1970ರ ಸೆಪ್ಟೆಂಬರ್ 18ರಂದು. ಆ ಲೆಕ್ಕದಲ್ಲಿ ಅವರು ಕಟ್ಟಿದ ಹಾಡುಗಳ ಹಕ್ಕು 2030ರ ಕೊನೆಯವರೆಗೆ ಇದೆ. ಬಿಡುಗಡೆಯಾಗಿಲ್ಲ ಅಂದ ಮಾತ್ರಕ್ಕೆ ಯಾರದ್ದೂ ಅಲ್ಲದ ಆಸ್ತಿ ಆಗುವುದಿಲ್ಲ. ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದವರು 1984ರಿಂದ ತಮ್ಮ ಕಾರ್ಯಕ್ರಮಗಳಲ್ಲಿ ರೆಕಾರ್ಡ್ ಮಾಡುವವರಿಗೆ ಅಂತಲೇ ಪ್ರತ್ಯೇಕ ಜಾಗ ಕೊಟ್ಟರು. ಅಂಥ ಅನುಮತಿ ಹೆಂಡ್ರಿಕ್ಸ್ ವಿಷಯದಲ್ಲಿ ಇಲ್ಲ.

ಹಾಗಾಗಿ ನಾವು ಹೀಗೆ ಮಾಡುತ್ತೇವೆ. ಅಂಗಡಿಯಲ್ಲಿ ಸಿಗುವುದನ್ನು ಕೊಂಡೇ ಕೇಳುತ್ತೇವೆ. ನಕಲು ಮಾಡಿ ಕೊಡುವುದಿಲ್ಲ. ಸಿಗದೇ ಇರುವುದನ್ನು ಕೂತು ಜೊತೆಯಲ್ಲಿ ಕೇಳುತ್ತೇವೆ. ನೆಟ್‌ಗೆ ಏರಿಸುವುದಿಲ್ಲ. ನಕಲು ಹಂಚುವುದು ಏನಿದ್ದರೂ ನಮ್ಮವರು ನುಡಿಸಿದ ಕವರ್‌ಗಳನ್ನು, ಅದೂ ನುಡಿಸಿದವರು ಹೂಂ ಅಂದ ಮೇಲೆ.

ದುಡ್ಡು ಕೊಟ್ಟರೆ ಒಂದು ಕಾಪಿ ಸಿಗುತ್ತಾ?

ಇಲ್ಲ. ಈ ಟೇಪ್‌ಗಳು ನಮ್ಮ ಕೈಗೆ ಬಂದದ್ದು ಪ್ರೀತಿಯಿಂದ. ಅದಕ್ಕೆ ಬೆಲೆ ಕಟ್ಟಿದ ದಿನ ಯಾರೂ ತಮ್ಮ ಪೆಟ್ಟಿಗೆ ತೆರೆಯುವುದಿಲ್ಲ.

ಮನೆಯಲ್ಲಿ ಹಳೇ ಕ್ಯಾಸೆಟ್ ಸಿಕ್ಕಿದೆ. ಏನು ಮಾಡಲಿ?

ಮೊದಲನೆಯದಾಗಿ, ಕೈಗೆ ಸಿಕ್ಕ ಟೇಪ್ ರೆಕಾರ್ಡರ್‌ಗೆ ಹಾಕಿ ಒತ್ತಬೇಡಿ. ಬೆಳಕಿಗೆ ಹಿಡಿದು ಟೇಪ್ ಸುರುಳಿಯ ಅಂಚನ್ನು ನೋಡಿ. ಬಿಳಿ ಪುಡಿಯ ಥರ ಕಂಡರೆ ಬೂಷ್ಟು ಹಿಡಿದಿದೆ. ಬೆಂಗಳೂರಿನ ಮಳೆಗಾಲ ದಾಟಿದ, ಅಟ್ಟದ ಮೇಲೆ ಬಿದ್ದಿದ್ದ ಕ್ಯಾಸೆಟ್‌ಗಳಲ್ಲಿ ಇದು ಸಾಮಾನ್ಯ. ಅದನ್ನು ಓಡಿಸಿದರೆ ಬೂಷ್ಟು ಮೆಷಿನ್‌ನಲ್ಲಿ ಟೇಪನ್ನು ಓದುವ ಹೆಡ್‌ಗೆ ಅಂಟುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್‌ಗೂ ಹೋಗುತ್ತದೆ. ಅಂಥದ್ದನ್ನು ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಗೊತ್ತಿರುವವರಿಗೆ ತೋರಿಸಿ.

ಚೆನ್ನಾಗಿದ್ದರೆ ಹಿಂಭಾಗದ ಎರಡು ಪ್ಲಾಸ್ಟಿಕ್ ಗುಬುಟುಗಳನ್ನು ಮುರಿದುಬಿಡಿ. ಆಮೇಲೆ ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಸಿಹೋಗುವುದಿಲ್ಲ. ಪೆನ್ಸಿಲ್ ತೂರಿಸಿ ನಿಧಾನಕ್ಕೆ ಸಡಿಲ ಎಳೆದುಕೊಳ್ಳಿ. ಕ್ಯಾಸೆಟ್ ಒಳಗೆ ಹೆಡ್ಡಿಗೆ ಟೇಪನ್ನು ಒತ್ತಿ ಹಿಡಿಯುವ ಸಣ್ಣ ಸ್ಪಂಜಿನ ತುಂಡು ಉದುರಿದೆಯಾ ನೋಡಿ. ಉದುರಿದ್ದರೆ ಸದ್ದು ಏರಿಳಿಯುತ್ತದೆ. ಟೇಪನ್ನು ಎಚ್ಚರದಿಂದ ಹೊಸ ಚಿಪ್ಪಿಗೆ ಹಾಕಿಕೊಳ್ಳಬೇಕು.

ಕ್ಯಾಸೆಟ್ ಓಡಿಸುವ ಡೆಕ್ ಬೇಕು ಅಂದರೆ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ನಲ್ಲಿ ಬೆಳಗ್ಗೆ ಬೇಗ ಹೋಗಿ ಹುಡುಕಿ. ಬೆಲ್ಟ್, ಕೇಬಲ್‌ಗಳಿಗೆ ಎಸ್‌.ಪಿ. ರಸ್ತೆ. ಹೆಡ್ಡನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಹಾಕಿ. ಹೆಡ್ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಕೇಳಿ. ಎಲ್ಲಿ ಸಿಂಬಲ್ ಸದ್ದು ಅತ್ಯಂತ ಸ್ಪಷ್ಟವಾಗಿ ಬರುತ್ತದೋ ಅಲ್ಲಿ ನಿಲ್ಲಿಸಿ. ರೆಕಾರ್ಡ್ ಮಾಡಿದ ಮೆಷಿನ್‌ನ ಹೆಡ್ ಯಾವ ಕೋನದಲ್ಲಿತ್ತೋ ಅದೇ ಕೋನಕ್ಕೆ ನಿಮ್ಮದೂ ಬರಬೇಕು. ಮಬ್ಬು ಅಂತ ಜನ ಎಸೆದ ಎಷ್ಟೋ ಟೇಪ್‌ಗಳು ಈ ಒಂದು ಸ್ಕ್ರೂನಿಂದ ಎದ್ದು ಕೂತಿವೆ.

ಕಂಪ್ಯೂಟರ್‌ಗೆ ತೆಗೆದುಕೊಳ್ಳುವಾಗ 24 ಬಿಟ್, 48 ಕಿಲೋಹರ್ಟ್ಸ್ ಸಾಕು. ಮಟ್ಟ ಕೆಂಪಿಗೆ ಮುಟ್ಟದ ಹಾಗೆ ನೋಡಿಕೊಳ್ಳಿ. ಒಂದು ಬದಿಯನ್ನು ನಡುವೆ ನಿಲ್ಲಿಸದೆ ಕೊನೆವರೆಗೆ ಓಡಿಸಿ. ಹಾಡು ಮುಗಿದ ಮೇಲಿನ ಮಾತು, ಶ್ರುತಿ ಮಾಡಿಕೊಳ್ಳುವ ಸದ್ದು, ಯಾವುದನ್ನೂ ಕತ್ತರಿಸಬೇಡಿ. ಎಷ್ಟೋ ಸಲ ಊರು, ದಿನಾಂಕ ತಿಳಿಯುವುದೇ ಆ ಮಾತಿನಿಂದ.

ಟೇಪ್ ಸರಿಯಾದ ವೇಗದಲ್ಲಿ ಓಡುತ್ತಿದೆಯಾ ಅಂತ ಹೇಗೆ ತಿಳಿಯುವುದು?

ಎಲ್ಲರೂ ಎಡವುವುದು ಇಲ್ಲೇ. ಹಾಡನ್ನು ಗಿಟಾರ್ ಜೊತೆ ಹೋಲಿಸಿ, ಅರ್ಧ ಸ್ವರ ಕೆಳಗಿದೆ, ಟೇಪ್ ನಿಧಾನವಾಗಿದೆ ಅಂತ ವೇಗ ಏರಿಸಿಬಿಡುತ್ತಾರೆ. ತಪ್ಪು. ಹೆಂಡ್ರಿಕ್ಸ್ ವೇದಿಕೆಯಲ್ಲಿ ಬಹಳಷ್ಟು ಸಲ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿಯೇ ನುಡಿಸುತ್ತಿದ್ದರು. 'ಪರ್ಪಲ್ ಹೇಝ್' ಸ್ಟುಡಿಯೋದಲ್ಲಿ ಮಾಮೂಲಿ ಶ್ರುತಿಯಲ್ಲಿದೆ. ಅದೇ ಹಾಡು ನಂತರದ ಕಾರ್ಯಕ್ರಮಗಳಲ್ಲಿ ಇಳಿಸಿದ ಶ್ರುತಿಯಲ್ಲಿದೆ. ಅರ್ಧ ಸ್ವರ ಅಂದರೆ ವೇಗದಲ್ಲಿ ಸುಮಾರು ಶೇ 6. ನೀವು ಅಷ್ಟು ಏರಿಸಿದರೆ ಹಾಡು ಓಡಿಹೋಗುತ್ತದೆ, ದನಿ ಕೀರಲಾಗುತ್ತದೆ.

ಇದಕ್ಕಿಂತ ಒಳ್ಳೆಯ ಸಾಕ್ಷಿ ಕರೆಂಟಿನ ಗುಂಯ್ ಸದ್ದು. ಅಮೆರಿಕದಲ್ಲಿ ಕರೆಂಟ್ 60 ಹರ್ಟ್ಸ್, ಬ್ರಿಟನ್ ಮತ್ತು ನಮ್ಮಲ್ಲಿ 50. ಅಮೆರಿಕದ ಕಾರ್ಯಕ್ರಮದ ಟೇಪಿನಲ್ಲಿ ಗಿಟಾರ್ ಆಂಪ್ಲಿಫೈಯರ್‌ನ ಗುಂಯ್ 60ರಲ್ಲಿ ಕೂರಬೇಕು. 57ರಲ್ಲಿ ಕಂಡರೆ ಟೇಪ್ ಶೇ 5ರಷ್ಟು ನಿಧಾನ. ಯಾವುದೇ ಆಡಿಯೋ ಸಾಫ್ಟ್‌ವೇರ್‌ನ ಸ್ಪೆಕ್ಟ್ರಂನಲ್ಲಿ ಇದು ಗೆರೆಯಾಗಿ ಕಾಣುತ್ತದೆ. ಕೆಲವು ಟೇಪ್‌ಗಳಲ್ಲಿ 60ರ ಆಸುಪಾಸಿನಲ್ಲಿ ಒಂದು, 50ರ ಆಸುಪಾಸಿನಲ್ಲಿ ಒಂದು, ಹೀಗೆ ಎರಡು ಗೆರೆ ಇರುತ್ತವೆ. ಮೊದಲನೆಯದು ಅಲ್ಲಿ ನುಡಿಸಿದಾಗ ಸೇರಿದ್ದು. ಎರಡನೆಯದು ಆಮೇಲೆ ಇಲ್ಲೋ ಲಂಡನ್ನಿನಲ್ಲೋ ನಕಲು ಮಾಡುವಾಗ ಸೇರಿದ್ದು. ಟೇಪ್ ನಡೆದುಬಂದ ದಾರಿ ಹೀಗೆ ಅದರಲ್ಲೇ ಬರೆದಿರುತ್ತದೆ. ಮೊದಲ ಸಲ ಇದನ್ನು ಕಂಡಾಗ ನನಗೆ ಮೈ ಜುಂ ಅಂದಿತ್ತು.

ಎಂಪಿ3 ಮಾಡಿ ತಂದರೆ ಸಾಲದೇ?

ಕೇಳುವುದಕ್ಕೆ ಸಾಕು, ಕಾಪಾಡುವುದಕ್ಕೆ ಸಾಲದು. ಎಂಪಿ3 ಕೆಲವು ಸದ್ದುಗಳನ್ನು ಬಿಸಾಡಿ ಗಾತ್ರ ಇಳಿಸುತ್ತದೆ. ಬಿಸಾಡಿದ್ದು ಮತ್ತೆ ಬರುವುದಿಲ್ಲ. ಫ್ಲ್ಯಾಕ್ ಅನ್ನುವ ಫೈಲ್ ಬಗೆಯಲ್ಲಿ ಏನೂ ಹೋಗುವುದಿಲ್ಲ. ಸಿಡಿ ಗುಣಮಟ್ಟದ ಒಂದು ಗಂಟೆಯ, ಗಾತ್ರ ಇಳಿಸದ ವೇವ್ ಫೈಲ್ ಸುಮಾರು 635 ಎಂಬಿ. ಫ್ಲ್ಯಾಕ್ ಮಾಡಿದರೆ ಅದರ ಅರ್ಧದ ಹತ್ತಿರಕ್ಕೆ ಬರುತ್ತದೆ. ಈಗಿನ ಪೆನ್‌ಡ್ರೈವ್‌ಗಳಿಗೆ ಇದೇನು ಭಾರವಲ್ಲ.

ಸ್ಸ್ ಅನ್ನುವ ಸದ್ದು ತೆಗೆದು ಚೊಕ್ಕ ಮಾಡಿ ತರಲೇ?

ಮೂಲವನ್ನು ಮುಟ್ಟದೆ ಇಟ್ಟುಕೊಂಡು, ನಕಲಿನ ಮೇಲೆ ಏನು ಬೇಕಾದರೂ ಮಾಡಿ. ಇದನ್ನು ನಾನು ನೋವಿನಿಂದ ಕಲಿತೆ. 90ರ ದಶಕದ ಕೊನೆಯಲ್ಲಿ ನನ್ನ ಹತ್ತಿರ ಒಂದು ಕ್ಯಾಸೆಟ್ ಇತ್ತು. ಲಂಡನ್ನಿನಲ್ಲಿದ್ದ ಸ್ನೇಹಿತರೊಬ್ಬರು ಕೊಟ್ಟದ್ದು. ಸಿಡಿ ಮಾಡಿಕೊಡಿ ಅಂತ ಒಂದು ಅಂಗಡಿಗೆ ಕೊಟ್ಟೆ. ಅವರು ಸದ್ದು ಇಳಿಸಿ, ಚಪ್ಪಾಳೆ ಕತ್ತರಿಸಿ, ಹಾಡುಗಳನ್ನು ತಮ್ಮ ಮನಸ್ಸಿಗೆ ಬಂದ ಹಾಗೆ ಜೋಡಿಸಿ ಸಿಡಿ ಕೊಟ್ಟರು. ಕ್ಯಾಸೆಟ್ ಎಲ್ಲಿ ಅಂದರೆ, ಅದರ ಮೇಲೆ ಬೇರೆ ಏನೋ ರೆಕಾರ್ಡ್ ಆಗಿಹೋಗಿತ್ತು. ಆ ಸಿಡಿ ಈಗಲೂ ಇದೆ. ಗಿಟಾರ್‌ನ ಕೊನೆಯ ಗುಂಗು ಎಲ್ಲ ಹಾಡಿನಲ್ಲೂ ಕತ್ತರಿ ಹಾಕಿದ ಹಾಗೆ ನಿಂತುಹೋಗುತ್ತದೆ. ಸದ್ದಿನ ಜೊತೆ ಅದೂ ಹೋಯಿತು.

ದೊಡ್ಡವರೂ ಈ ತಪ್ಪು ಮಾಡಿದ್ದಾರೆ. 1975ರಲ್ಲಿ ಬಂದ 'ಕ್ರ್ಯಾಶ್ ಲ್ಯಾಂಡಿಂಗ್' ಆಲ್ಬಂಗೆ ಹೆಂಡ್ರಿಕ್ಸ್ ಬಿಟ್ಟುಹೋದ ಟೇಪ್‌ಗಳನ್ನು ಬಳಸಿದರು. ಆದರೆ ಜೊತೆಗೆ ನುಡಿಸಿದವರ ಎಷ್ಟೋ ಭಾಗಗಳನ್ನು ಅಳಿಸಿ, ಸ್ಟುಡಿಯೋ ಕಲಾವಿದರಿಂದ ಹೊಸದಾಗಿ ನುಡಿಸಿ ಸೇರಿಸಿದರು. ಹೆಂಡ್ರಿಕ್ಸ್ ತೀರಿಕೊಂಡ ಮೇಲೆ, ಅವರು ನೋಡೇ ಇರದವರ ಜೊತೆ ಅವರನ್ನು ನುಡಿಸಿದಂತೆ ಆಯಿತು. ಅಭಿಮಾನಿಗಳಿಗೆ ಇದು ಇಂದಿಗೂ ನುಂಗಲಾರದ ತುತ್ತು.

ಟೇಪಿನ ಜೊತೆ ಏನೇನು ಬರೆಯಬೇಕು?

ನನ್ನ ಪಾಲಿಗೆ ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ನಮ್ಮ ಸೋದರಮಾವ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಿಗೆ ಪುಟ್ಟ ರೆಕಾರ್ಡರ್ ಹಿಡಿದು ಹೋಗುತ್ತಿದ್ದರು. ರಾತ್ರಿ ಮನೆಗೆ ಬಂದವರು ಊಟಕ್ಕೂ ಮೊದಲು ಕ್ಯಾಸೆಟ್‌ನ ಚೀಟಿ ತುಂಬಿಸುತ್ತಿದ್ದರು. ದಿನಾಂಕ, ಹಾಡಿದವರು, ಪಿಟೀಲು ಯಾರು, ಮೃದಂಗ ಯಾರು, ರಾಗ, ತಾಳ. ಮಳೆ ಬಂದು ಅರ್ಧಕ್ಕೆ ನಿಂತಿದ್ದರೆ ಅದೂ. ಬೇರೆಯವರ ಟೇಪಿನಿಂದ ನಕಲು ಮಾಡಿದ್ದರೆ ಯಾರ ಟೇಪು ಅಂತ. 'ಹಾಡು ನೆನಪಿರತ್ತೆ ಕಣೋ, ಯಾವತ್ತಿಂದು ಅನ್ನೋದು ಮರೆತುಹೋಗತ್ತೆ' ಅನ್ನುತ್ತಿದ್ದರು.

ಹೆಂಡ್ರಿಕ್ಸ್ ಟೇಪಿಗೂ ಅದೇ. ಊರು, ಜಾಗ, ದಿನಾಂಕ. ಜೊತೆಗೆ ಯಾರು, ಅಂದರೆ ಎಕ್ಸ್‌ಪೀರಿಯನ್ಸ್ ತಂಡದ ಮಿಚ್ ಮಿಚೆಲ್ ಮತ್ತು ನೋಯಲ್ ರೆಡ್ಡಿಂಗ್ ಇದ್ದಾರೋ, ಆಮೇಲೆ ಬಾಸ್ ಗಿಟಾರ್ ನುಡಿಸಿದ ಬಿಲ್ಲಿ ಕಾಕ್ಸ್ ಇದ್ದಾರೋ. ಜನರ ನಡುವೆ ಹಿಡಿದದ್ದೋ, ಮಿಕ್ಸರ್‌ನದೋ. ಎಷ್ಟನೇ ನಕಲು. ಯಾವ ಡೆಕ್‌ನಲ್ಲಿ ಓಡಿಸಿದಿರಿ. ವೇಗ ಬದಲಾಯಿಸಿದ್ದರೆ ಎಷ್ಟು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆಯಿರಿ. ಊಹೆ ಮಾಡಿ ಬರೆದ ಒಂದು ದಿನಾಂಕ ನಲವತ್ತು ವರ್ಷ ಜನರನ್ನು ದಾರಿ ತಪ್ಪಿಸುತ್ತದೆ.

ಇದು ನಿಜಕ್ಕೂ ಹೆಂಡ್ರಿಕ್ಸೇ ನುಡಿಸಿದ್ದಾ?

ಹೆಸರು ಇದ್ದ ಮಾತ್ರಕ್ಕೆ ನಂಬಬೇಡಿ. 1965ರಲ್ಲಿ ಹೆಂಡ್ರಿಕ್ಸ್ ನ್ಯೂಯಾರ್ಕಿನಲ್ಲಿ ಕರ್ಟಿಸ್ ನೈಟ್ ತಂಡದಲ್ಲಿ ಪಕ್ಕಕ್ಕೆ ನಿಂತು ಗಿಟಾರ್ ನುಡಿಸುತ್ತಿದ್ದರು. 1 ಡಾಲರ್ ಮುಂಗಡ, ಶೇ 1 ರಾಯಲ್ಟಿಗೆ ಒಂದು ಕರಾರಿಗೆ ಸಹಿ ಹಾಕಿದ್ದರು. ಅವರು ಹೆಸರು ಮಾಡಿದ ಮೇಲೆ ಆ ಟೇಪ್‌ಗಳು ಅವರದೇ ಆಲ್ಬಂ ಎಂಬಂತೆ ಮಾರಾಟವಾದವು. ನುಡಿಸಿದ್ದು ಅವರೇ, ಆದರೆ ತಂಡ ಅವರದಲ್ಲ. 1968ರಲ್ಲಿ ನ್ಯೂಯಾರ್ಕಿನ ದಿ ಸೀನ್ ಕ್ಲಬ್‌ನಲ್ಲಿ ಡೋರ್ಸ್ ತಂಡದ ಗಾಯಕ ಜಿಮ್ ಮಾರಿಸನ್ ಜೊತೆ ತಯಾರಿಯಿಲ್ಲದೆ ಸೇರಿ ನುಡಿಸಿದ ಜ್ಯಾಮ್ ಅಂತ ಇನ್ನೊಂದು ಟೇಪ್ ಓಡಾಡುತ್ತದೆ. ಅದರ ಹೊದಿಕೆಯ ಮೇಲೆ ಗಿಟಾರ್ ವಾದಕ ಜಾನಿ ವಿಂಟರ್ ಹೆಸರೂ ಇರುತ್ತದೆ. ಜಿಮ್ ಮಾರಿಸನ್‌ರನ್ನು ತಾವು ಭೇಟಿಯೇ ಆಗಿಲ್ಲ ಎಂದು ವಿಂಟರ್ ಹೇಳಿದ್ದರು.

ನಾನು ನುಡಿಸಿದ ಕವರ್ ತರಬಹುದಾ?

ತನ್ನಿ! ನಾವು ಕಾಯುವುದೇ ಅದಕ್ಕೆ. ಫೋನಿನಲ್ಲಿ ಹಿಡಿದದ್ದಾದರೂ ಸರಿ. ಟೇಪಿಗೆ ಹೇಳಿದ್ದೇ ಇದಕ್ಕೂ. ಯಾವ ದಿನ, ಎಲ್ಲಿ, ಯಾರು ನುಡಿಸಿದರು, ಹೆಂಡ್ರಿಕ್ಸ್‌ನ ಯಾವ ರೆಕಾರ್ಡಿಂಗ್ ಕೇಳಿ ಕಲಿತಿರಿ ಅಂತ ಬರೆಯಿರಿ. ಕೊನೆಯದು ಮುಖ್ಯ. 'ಲಿಟಲ್ ವಿಂಗ್' ಅನ್ನು ಆಲ್ಬಂನಿಂದ ಕಲಿತವರದ್ದು ಒಂದು ಥರ ಇರುತ್ತದೆ. ಅದೇ ಹಾಡನ್ನು ಗಿಟಾರ್ ವಾದಕ ಸ್ಟೀವಿ ರೇ ವಾನ್ ನುಡಿಸಿದ್ದರಿಂದ ಕಲಿತವರದ್ದು ಪೂರ್ತಿ ಬೇರೆ. ಗುರು ಯಾರು ಅಂತ ಕೇಳಿದ ಹಾಗೆ ಇದು.

ನೋಟ್ ಬಿಡದೆ ಹಾಗೇ ನುಡಿಸಬೇಕಾ?

ಕಲಿಯುವಾಗ ಹೌದು. ಜನರ ಮುಂದೆ ನುಡಿಸುವಾಗ ಬೇಡ ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಹೆಂಡ್ರಿಕ್ಸೇ ಹಾಗೆ ಮಾಡಲಿಲ್ಲ. ಬಾಬ್ ಡಿಲನ್ 1967ರ ಡಿಸೆಂಬರ್‌ನಲ್ಲಿ 'ಆಲ್ ಅಲಾಂಗ್ ದಿ ವಾಚ್‌ಟವರ್' ಬಿಡುಗಡೆ ಮಾಡಿದರು. ಗಿಟಾರ್, ಹಾರ್ಮೋನಿಕಾ ಇಟ್ಟುಕೊಂಡ ಸರಳ ಹಾಡು. ಮುಂದಿನ ತಿಂಗಳೇ ಹೆಂಡ್ರಿಕ್ಸ್ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ಅದನ್ನು ಕೈಗೆತ್ತಿಕೊಂಡರು. ಅವರ ಕೈಯಲ್ಲಿ ಅದು ಬಿರುಗಾಳಿಯಾಯಿತು. ಆಮೇಲೆ ಡಿಲನ್ ತಮ್ಮ ಹಾಡನ್ನೇ ವೇದಿಕೆಯಲ್ಲಿ ಹೆಂಡ್ರಿಕ್ಸ್ ದಾರಿಗೆ ಹತ್ತಿರವಾಗಿ ಹಾಡತೊಡಗಿದರು. ಹಾಡು ಬರೆದವರೇ ಕವರ್‌ನಿಂದ ಕಲಿತರು.

1967ರ ಜೂನ್ 4ರಂದು ಲಂಡನ್ನಿನ ಸ್ಯಾವಿಲ್ ಥಿಯೇಟರ್‌ನಲ್ಲಿ ನಡೆದದ್ದನ್ನೂ ಹೇಳಲೇಬೇಕು. ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್' ಆಲ್ಬಂ ಬಂದು ಕೆಲವೇ ದಿನ ಆಗಿತ್ತು. ಹೆಂಡ್ರಿಕ್ಸ್ ಅದರ ಮೊದಲ ಹಾಡಿನಿಂದಲೇ ಕಾರ್ಯಕ್ರಮ ಶುರು ಮಾಡಿದರು. ಸಭೆಯಲ್ಲಿ ಪಾಲ್ ಮೆಕಾರ್ಟ್ನಿ ಕೂತಿದ್ದರು. ಅದು ತಮಗೆ ಸಿಕ್ಕ ದೊಡ್ಡ ಗೌರವಗಳಲ್ಲಿ ಒಂದು ಅಂತ ಮೆಕಾರ್ಟ್ನಿ ಮುಂದೆ ಎಷ್ಟೋ ಸಲ ಹೇಳಿಕೊಂಡರು.

ಗಣೇಶನ ಹಬ್ಬದ ಪೆಂಡಾಲ್‌ನಲ್ಲಿ ಆರ್ಕೆಸ್ಟ್ರಾದವರು ರಾಜಕುಮಾರ್ ಹಾಡು ಎತ್ತಿಕೊಂಡಾಗ ಬೀದಿಗೆ ಬೀದಿಯೇ ಜೊತೆಗೆ ಹಾಡುತ್ತದೆ. ಅಲ್ಲಿ ಯಾರೂ ಇದು ಬರೀ ಕವರ್ ಅನ್ನುವುದಿಲ್ಲ.

ಅವರು ಎಡಗೈಯಲ್ಲಿ ನುಡಿಸುತ್ತಿದ್ದರು. ಬಲಗೈಯವರಿಗೆ ಆ ಸದ್ದು ಬರುತ್ತದಾ?

ಪೂರ್ತಿ ಬರುವುದಿಲ್ಲ, ಹತ್ತಿರ ಬರುತ್ತದೆ. ಅವರು ಬಲಗೈಯವರ ಸ್ಟ್ರ್ಯಾಟೋಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರನ್ನೇ ತಿರುಗಿಸಿ, ತಂತಿಗಳನ್ನು ಮತ್ತೆ ಕ್ರಮಕ್ಕೆ ಕಟ್ಟಿಕೊಂಡು ನುಡಿಸುತ್ತಿದ್ದರು. ತಂತಿಗಳು ಕೂರುವ ಬ್ರಿಡ್ಜ್ ಹತ್ತಿರ, ತಂತಿಯ ಸದ್ದು ಹಿಡಿಯುವ ಪಿಕಪ್ ಓರೆಯಾಗಿರುತ್ತದೆ. ಗಿಟಾರ್ ತಿರುಗಿದಾಗ ಆ ಓರೆಯೂ ತಿರುಗುತ್ತದೆ. ದಪ್ಪ ತಂತಿ ಬಿಗಿಯಾಗಿ, ಸಣ್ಣ ತಂತಿ ಸ್ವಲ್ಪ ಮೃದುವಾಗಿ ಕೇಳುತ್ತದೆ. ಆದರೆ ಜಾಸ್ತಿ ವ್ಯತ್ಯಾಸ ಮಾಡುವುದು ಅವರ ಹೆಬ್ಬೆರಳು. ಅದನ್ನು ಗಿಟಾರ್ ಕತ್ತಿನ ಮೇಲಿಂದ ತಂದು ದಪ್ಪ ತಂತಿ ಒತ್ತುತ್ತಿದ್ದರು. ಉಳಿದ ಬೆರಳು ಹಾಡನ್ನು ನುಡಿಸಲು ಬಿಡುವಾಗುತ್ತಿದ್ದವು. ಇದನ್ನು ಕಲಿಯಲು ಬಳೇಪೇಟೆಯಲ್ಲಿ ಸಿಗುವ ಕಡಿಮೆ ಬೆಲೆಯ ಗಿಟಾರ್ ಸಾಕು. ಸದ್ದನ್ನು ಬದಲಿಸುವ ಫಝ್, ವಾ-ವಾ ಪೆಡಲ್‌ಗಳು ಆಮೇಲೆ ಬರಲಿ.

ಕನ್ನಡದಲ್ಲಿ ಹಾಡಿದರೆ? ವೀಣೆಯಲ್ಲಿ ನುಡಿಸಿದರೆ?

ವೀಣೆಯಲ್ಲಿ ಒಬ್ಬರು ನಮ್ಮಲ್ಲಿ ನುಡಿಸಿದ್ದಾರೆ. ತಂತಿ ಎಳೆದು ಸ್ವರ ಏರಿಸುವುದು ವೀಣೆಗೆ ಹೊಸದಲ್ಲ, ಹಾಡು ಸರಾಗವಾಗಿ ಕೂತಿತು. ಸಾಹಿತ್ಯ ಅನುವಾದ ಮಾಡಿ ಹೊರಗೆ ಬಿಡುವುದಾದರೆ ಮಾತ್ರ ಹಕ್ಕುದಾರರ ಒಪ್ಪಿಗೆ ಬೇಕು. ಮನೆಯಲ್ಲಿ ಹಾಡಿಕೊಳ್ಳುವುದಕ್ಕೆ ಯಾರೂ ಅಡ್ಡ ಬರುವುದಿಲ್ಲ.

ಪಬ್‌ನಲ್ಲಿ ಬ್ಯಾಂಡ್ ನುಡಿಸುವಾಗ ರೆಕಾರ್ಡ್ ಮಾಡಿ ತರಬಹುದಾ?

ಬ್ಯಾಂಡ್‌ನವರನ್ನು ಮೊದಲೇ ಕೇಳಿ. ಬೇಡ ಅಂದರೆ ಬೇಡ. ಹೂಂ ಅಂದರೆ ಅವರಿಗೂ ಒಂದು ಕಾಪಿ ಕಳಿಸಿ. ಬೆಂಗಳೂರಿನ ಬ್ಯಾಂಡ್‌ಗಳು 70ರ ದಶಕದಿಂದ ಹೆಂಡ್ರಿಕ್ಸ್ ನುಡಿಸುತ್ತಾ ಬಂದಿವೆ. ಅದರಲ್ಲಿ ಟೇಪಿಗೆ ಸಿಕ್ಕಿದ್ದು ಎಷ್ಟು ಕಡಿಮೆ ಅಂತ ನೆನೆದರೆ ಸಂಕಟವಾಗುತ್ತದೆ. ಹೆಂಡ್ರಿಕ್ಸ್ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ನುಡಿಸಿದ್ದು ಕಳೆದುಹೋಗುವುದಿಲ್ಲ, ಅದನ್ನು ಕಾಯುವವರು ಜಗತ್ತಿನ ತುಂಬಾ ಇದ್ದಾರೆ. ನಮ್ಮೂರಿನ ಕಾಲೇಜು ಹಬ್ಬದಲ್ಲಿ ಯಾರೋ ಹುಡುಗರು 1982ರಲ್ಲಿ ನುಡಿಸಿದ ಹೆಂಡ್ರಿಕ್ಸನ್ನು ಕಾಯುವವರು ನಾವೇ.

ಮನೆ ಖಾಲಿ ಮಾಡುತ್ತಿದ್ದೇವೆ. ಅಪ್ಪನ ಕ್ಯಾಸೆಟ್‌ಗಳನ್ನು ಗುಜರಿಗೆ ಹಾಕಬಹುದಾ?

ದಯವಿಟ್ಟು ಒಂದು ವಾರ ತಡೆಯಿರಿ. ಪೆಟ್ಟಿಗೆಯಿಂದ ಒಂದೊಂದೇ ತೆಗೆದು, ಚೀಟಿಯ ಎರಡೂ ಬದಿಯ ಫೋಟೋ ತೆಗೆಯಿರಿ. ಕಂಪನಿಯ ಮುದ್ರಿತ ಕ್ಯಾಸೆಟ್‌ಗಳನ್ನು ಒಂದು ಕಡೆ ಇಡಿ, ಕೈಬರಹ ಇರುವುದನ್ನು ಇನ್ನೊಂದು ಕಡೆ. ಏನೂ ಬರೆಯದೇ ಇರುವುದನ್ನು ಖಾಲಿ ಅಂದುಕೊಳ್ಳಬೇಡಿ. ಅಪ್ಪನ ಸ್ನೇಹಿತರು ಯಾರಾದರೂ ಇದ್ದರೆ ಫೋಟೋ ತೋರಿಸಿ ಕೇಳಿ. ಇದು ಯಾರು, ಇದು ಯಾವ ಊರು ಅಂತ ಅವರು ಹೇಳಿದ್ದನ್ನು ಆಗಲೇ ಬರೆದುಕೊಳ್ಳಿ. ನಮ್ಮ ಸೋದರಮಾವ ಹೋದ ಮೇಲೆ ಅವರ ಕ್ಯಾಸೆಟ್‌ಗಳನ್ನು ಜೋಡಿಸಲು ನನಗೆ ಎರಡೇ ದಿನ ಸಾಕಾಯಿತು. ಎಲ್ಲದರ ಮೇಲೂ ಅವರ ಕೈಬರಹ ಇತ್ತು. ಕೊನೆಯ ಸಾಲಿನಲ್ಲಿ ನಾನು 16ನೇ ವಯಸ್ಸಿನಲ್ಲಿ ಅವರ ರೆಕಾರ್ಡರ್‌ನಲ್ಲಿ ನುಡಿಸಿದ್ದ 'ಹೇ ಜೋ' ಇತ್ತು. ದಿನಾಂಕ, ನನ್ನ ಹೆಸರು, ಪಕ್ಕದಲ್ಲಿ 'ಗಿಟಾರ್, ಎರಡನೇ ತಂತಿ ಶ್ರುತಿ ಇಲ್ಲ' ಅಂತ ಬರೆದಿದ್ದರು.